ಮಲೆನಾಡಿನ ಥಂಡಿಗೆ ಯಾವ ಚೆಸ್ ಸೆಟ್ ತಡೆಯುತ್ತೆ? ಶಾಲೆಗೆ 10, ಮನೆಗೆ 1

ಮೇಗರವಳ್ಳಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಗೆ 10 ಚೆಸ್ ಸೆಟ್, ಮನೆಗೆ ಒಂದು ಮರದ ಸೆಟ್ ತಗೋಬೇಕು. ಶಾಲೆಯದ್ದು ತಾಲ್ಲೂಕು, ಜಿಲ್ಲಾ ಪಂದ್ಯಗಳಿಗೆ ಹೋಗೋ ಮಕ್ಕಳ ಅಭ್ಯಾಸಕ್ಕೆ. ಹಂಚಿನ ಮಾಡಿನ ಕಟ್ಟಡ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯೋವರೆಗೂ ಗೋಡೆ ಒಣಗಲ್ಲ. ಇಡೋಕೆ ಒಂದು ಕಬ್ಬಿಣದ ಬೀರು ಇದೆ. ಪ್ಲಾಸ್ಟಿಕ್ಕೋ ಮರವೋ, ಯಾವ ಅಳತೆ, ಸುತ್ತಿಡೋ ಹಾಸೋ ಮಡಚೋ ಬೋರ್ಡೋ ಅಂತ ತಿಳಿದವರು ಬಿಡಿಸಿ ಹೇಳಿದರೆ ಉಪಕಾರ. ಮಕ್ಕಳು ಕೂರೋದು ಉದ್ದ ಡೆಸ್ಕಿನಲ್ಲಿ.

ಎಚ್ ಎಂಟರ ಆನೆ:
ಮೇಷ್ಟ್ರೇ, ಮೊದಲು ಅಳತೆ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ಪ್ಲಾಸ್ಟಿಕ್ಕು-ಮರದ ಮಾತು.

ವಿಶ್ವ ಚೆಸ್ ಸಂಸ್ಥೆ ಫಿಡೆ ಹೇಳುವ ಎತ್ತರ ಹೀಗಿದೆ: ರಾಜ 9.5 ಸೆಂ.ಮೀ., ಮಂತ್ರಿ 8.5, ಒಂಟೆ 7, ಕುದುರೆ 6, ಆನೆ 5.5, ಕಾಲಾಳು 5. ರಾಜನ ಬುಡದ ಅಗಲ ಅವನ ಎತ್ತರದ ಶೇ. 40ರಿಂದ 50ರೊಳಗೆ ಇರಬೇಕು, ಅಂದರೆ 38ರಿಂದ 47 ಮಿ.ಮೀ. ಬೋರ್ಡಿನ ಒಂದು ಮನೆ 5ರಿಂದ 6 ಸೆಂ.ಮೀ. ಕಾಯಿ, ಬೋರ್ಡು ಎರಡನ್ನೂ ಬೇರೆ ಬೇರೆ ಕಡೆ ತಗೊಂಡಾಗ ಎಡವಟ್ಟಾಗೋದು ಇಲ್ಲೇ. ಎರಡು ಪರೀಕ್ಷೆ ಸಾಕು. ಒಂದು ಮನೆಯೊಳಗೆ ನಾಲ್ಕು ಕಾಲಾಳು ಒತ್ತೊತ್ತಾಗಿ ಕೂರಬೇಕು. ರಾಜನ ಬುಡ ಮನೆಯ ಅಗಲದ ಮುಕ್ಕಾಲಿಗಿಂತ ತುಸು ಹೆಚ್ಚು, ಅಂದರೆ ಶೇ. 75–80 ಇರಬೇಕು. ಬುಡ 43 ಮಿ.ಮೀ. ಇದ್ದರೆ 55 ಮಿ.ಮೀ. ಮನೆ ಹೇಳಿ ಮಾಡಿಸಿದ ಹಾಗೆ. ಅದಕ್ಕಿಂತ ಚಿಕ್ಕ ಮನೆಯಾದರೆ ಕುದುರೆ ಎತ್ತುವಾಗ ಪಕ್ಕದ ಕಾಯಿ ಉರುಳುತ್ತೆ. ದೊಡ್ಡದಾದರೆ ಕಾಯಿಗಳು ಚದುರಿ ನಿಂತು ಕರ್ಣರೇಖೆ ಕಣ್ಣಿಗೆ ಕೂಡಲ್ಲ, ಹೊಸಬರು ಒಂಟೆಯ ಹೊಡೆತ ನೋಡದೇ ಹೋಗ್ತಾರೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ ಪಂದ್ಯದ ಹಾಸು 20 ಇಂಚಿನದು, ಮನೆ ಎರಡೂಕಾಲು ಇಂಚು, ಅಂದರೆ 57 ಮಿ.ಮೀ. ಇದಕ್ಕೆ ಮೂರೂಮುಕ್ಕಾಲು ಇಂಚಿನ ರಾಜ ಜೋಡಿ.

ಕೊಪ್ಪ ಸೀಮೆಯವಳು:
ಅಳತೆ ಸರಿ, ಆದರೆ ಡೆಸ್ಕು ಅಳೆದು ನೋಡಿ ಮೇಷ್ಟ್ರೇ. ಶಾಲೆಯ ಡೆಸ್ಕುಗಳ ಅಗಲ ಎಷ್ಟೋ ಕಡೆ 15–16 ಇಂಚು ಮಾತ್ರ, ಬರೆಯೋ ಹಲಗೆ ಇಳಿಜಾರು ಬೇರೆ. 20 ಇಂಚಿನ ಹಾಸು ಎರಡೂ ಕಡೆ ಜೋಲುತ್ತೆ, ಒಂದನೇ ಮತ್ತು ಎಂಟನೇ ಸಾಲಿನ ಆನೆ ಕೆಳಗೆ ಬೀಳುತ್ತೆ. ಎರಡು ದಾರಿ ಇದೆ. ಎರಡು ಡೆಸ್ಕು ಎದುರುಬದುರು ಜೋಡಿಸಿ ಮೇಲೆ ಒಂದು ಪ್ಲೈವುಡ್ ಹಲಗೆ ಹಾಕೋದು ಒಂದು. ಇಲ್ಲವೇ 50 ಮಿ.ಮೀ. ಮನೆಯ ಹಾಸು ತಗೊಳ್ಳಿ. ಎಂಟು ಮನೆಗೆ 40 ಸೆಂ.ಮೀ., ಅಂಚು ಸೇರಿ 44. 16 ಇಂಚಿನ ಡೆಸ್ಕಿನಲ್ಲಿ ಮನೆಗಳು ಹಿಡಿಸುತ್ತವೆ, ಅಂಚು ಮಾತ್ರ ಜೋಲುತ್ತೆ. ಅದು ಫಿಡೆಯ ಕನಿಷ್ಠ ಅಳತೆಯೊಳಗೇ ಇದೆ, ಕಾಯಿ ಮಾತ್ರ ರಾಜನ ಬುಡ 38–39 ಮಿ.ಮೀ. ಇರೋದನ್ನ ಆರಿಸಿ.

ಇನ್ನೊಂದು, ಹಾಸು ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಆಟಗಾರನ ಬಲಗೈ ಮೂಲೆಯ ಮನೆ ಬಿಳಿ ಇರಬೇಕು, ಬಿಳಿ ಕಾಯಿಯವನ ಎಡಗೈ ಮೂಲೆಯಲ್ಲಿ ಎ1 (ಅಂಚಿನ ಅಕ್ಷರ, ಅಂಕಿ ಸೇರಿಸಿ ಮನೆಯನ್ನ ಕರೆಯೋ ಹೆಸರು) ಕಪ್ಪು ಮನೆ. ಅಗ್ಗದ ಬೋರ್ಡುಗಳಲ್ಲಿ ಅಕ್ಷರ ಅಡ್ಡಡ್ಡ ಅಚ್ಚಾಗಿ ಎ1 ಬಿಳಿ ಮನೆಗೆ ಬಂದಿರೋದುಂಟು. ಅಂಥದ್ದರಲ್ಲಿ ಕಲಿತ ಮಗು ಮಂತ್ರಿ-ರಾಜರ ಜಾಗ ತಪ್ಪಿ ಇಡುತ್ತೆ, ಆಟ ಬರೆಯೋದೂ ತಪ್ಪುತ್ತೆ. ಹೊಳಪಿನ ಹಾಸು ಬೇಡ, ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಹೊಡೆಯುತ್ತೆ. ಹಸಿರು-ಕೆನೆ ಬಣ್ಣ ಅಥವಾ ಕಂದು-ಕೆನೆ, ಮಂಕು ಮೈಯದ್ದು ಒಳ್ಳೇದು.

ಎಚ್ ಎಂಟರ ಆನೆ:
ಡೆಸ್ಕಿನ ಮಾತು ಅಕ್ಕ ಹೇಳಿದ್ದೇ ಸರಿ, ನನಗೆ ಹೊಳೀಲಿಲ್ಲ.

ಶಾಲೆಗೆ ಮರ ಬೇಡವೇ ಬೇಡ. ಗಟ್ಟಿ ಪ್ಲಾಸ್ಟಿಕ್ಕು, ಎಬಿಎಸ್ ಅಂತ ಬರೆದಿರುತ್ತೆ. ಪಾಲಿಸ್ಟೈರೀನ್ ಕಾಯಿ ಹಗುರ, ಗಾಜಿನ ಹಾಗೆ ಟಿಣ್ ಅನ್ನುತ್ತೆ, ಸಿಮೆಂಟ್ ನೆಲಕ್ಕೆ ಬಿದ್ದರೆ ರಾಜನ ತಲೆಯ ಶಿಲುಬೆ ಮೊದಲು ಹೋಗುತ್ತೆ, ಆಮೇಲೆ ಕುದುರೆಯ ಕಿವಿ. ಎಬಿಎಸ್ ಬಿದ್ದರೆ ಮಂದ ಸದ್ದು. 32 ಕಾಯಿಯ ಖಾಲಿ ಸೆಟ್ ಅರ್ಧ ಕೆ.ಜಿ.ಗಿಂತ ಕಡಿಮೆ ತೂಗುತ್ತೆ, ಬುಡಕ್ಕೆ ತೂಕ ತುಂಬಿದ್ದು ಒಂದು ಕೆ.ಜಿ. ಆಸುಪಾಸು. ತೂಕದ ಕಾಯಿ ಫ್ಯಾನಿನ ಗಾಳಿಗೆ, ಮಕ್ಕಳ ಮೊಣಕೈಗೆ ಉರುಳಲ್ಲ. ಆದರೆ ತೂಕ ಅಂದರೆ ಒಳಗೆ ಕಬ್ಬಿಣದ ತುಂಡು, ಕೆಳಗೆ ಫೆಲ್ಟ್ ಬಟ್ಟೆ. ನಮ್ಮ ಕಡೆಯ ಥಂಡಿಗೆ ಆ ಕಬ್ಬಿಣ ತುಕ್ಕು ಹಿಡಿದು ಹಸಿರು ಬಟ್ಟೆಯ ಮೇಲೆ ಕಂದು ಕಲೆ ಬರುತ್ತೆ, ಅಂಟು ಬಿಟ್ಟು ತುಂಡು ಒಳಗೆ ಗಡಗಡ ಅನ್ನುತ್ತೆ. ಆಗ ಬಟ್ಟೆ ಕಿತ್ತು, ತುಂಡು ಹೊರತೆಗೆದು, ಉಪ್ಪುಕಾಗದದಲ್ಲಿ ತುಕ್ಕು ಉಜ್ಜಿ, ಎರಡು ಟ್ಯೂಬಿನ ಎಪಾಕ್ಸಿ ಅಂಟಿನಲ್ಲಿ ಸುತ್ತಲೂ ಮುಳುಗುವ ಹಾಗೆ ಮತ್ತೆ ಕೂರಿಸಿ. 24 ಗಂಟೆ ಬುಡ ಮೇಲಾಗಿ ನಿಲ್ಲಿಸಿ, ಆಮೇಲೆ ಹೊಸ ಫೆಲ್ಟು. ಎಪಾಕ್ಸಿ ಒಳಗೆ ಮುಳುಗಿದ ಕಬ್ಬಿಣಕ್ಕೆ ಮತ್ತೆ ಗಾಳಿ ತಾಗಲ್ಲ.

ಹತ್ತೂ ಸೆಟ್ಟು ಒಂದೇ ಮಾದರಿ, ಒಂದೇ ಬಣ್ಣದ್ದು ತಗೊಳ್ಳಿ. ಕಳೆದುಹೋದ ಕಾಲಾಳಿಗೆ ಇನ್ನೊಂದು ಸೆಟ್ಟಿನ ಕಾಲಾಳು ಹೊಂದುತ್ತೆ, ಹನ್ನೊಂದನೇ ಸೆಟ್ ಒಂದನ್ನ ಬಿಡಿಭಾಗಕ್ಕೆ ಅಂತಲೇ ಇಟ್ಕೊಂಡರೆ ಹತ್ತು ವರ್ಷ ನಿಶ್ಚಿಂತೆ. ಪ್ರತಿ ಸೆಟ್ಟಲ್ಲಿ 34 ಕಾಯಿ ಇರೋದು ನೋಡಿ, ಬಡ್ತಿಗೆ, ಅಂದರೆ ಕಾಲಾಳು ಕೊನೇ ಸಾಲು ಮುಟ್ಟಿ ಮಂತ್ರಿಯಾಗುವಾಗ, ಒಂದೊಂದು ಹೆಚ್ಚುವರಿ ಮಂತ್ರಿ. ಆನೆಯನ್ನ ತಲೆಕೆಳಗಾಗಿ ಇಟ್ಟು ಮಂತ್ರಿ ಅನ್ನೋ ಅಭ್ಯಾಸ ಪಂದ್ಯದಲ್ಲಿ ಮುಳುವಾಗುತ್ತೆ, ನಿಯಮದ ಪ್ರಕಾರ ಅದು ಆನೆಯೇ.

ಬಿ.ಎಚ್.ರೋಡ್:
ಹಾಸು ಸುತ್ತಿಟ್ಟರೆ ಮುರುಟಿಕೊಳ್ಳುತ್ತಲ್ಲ, ಅದಕ್ಕೇನು ಮಾಡೋದು? ಮಡಚೋ ಬೋರ್ಡು ಬೇಡವಾ?

ಕೊಪ್ಪ ಸೀಮೆಯವಳು:
ವಿನೈಲ್ ಹಾಸನ್ನು ಮನೆಗಳ ಚಿತ್ರ ಹೊರಮುಖ ಆಗುವ ಹಾಗೆ ಸುತ್ತಬೇಕು. ಬಿಚ್ಚಿದಾಗ ಅಂಚು ಮೇಲಕ್ಕೆ ಏಳದೆ ಕೆಳಕ್ಕೆ ಒತ್ತಿ ಕೂರುತ್ತೆ. ಎಲ್ಲರೂ ಚಿತ್ರ ಉಳಿಯಲಿ ಅಂತ ಒಳಮುಖ ಸುತ್ತುತ್ತಾರೆ, ಅದಕ್ಕೇ ಮುರುಟೋದು. ಆಗಲೇ ಮುರುಟಿದ್ದರೆ ಉಗುರು ಬೆಚ್ಚಗಿನ ನೀರಲ್ಲಿ ಐದು ನಿಮಿಷ ಬಿಟ್ಟು, ಒರೆಸಿ, ಚಪ್ಪಟೆ ನೆಲದಲ್ಲಿ ಪುಸ್ತಕ ಹೇರಿ ಒಂದು ರಾತ್ರಿ ಇಡಿ. ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ. ಮಡಚೋ ಪ್ಲಾಸ್ಟಿಕ್ ಬೋರ್ಡು ಮಧ್ಯದ ಕೀಲಲ್ಲಿ ಒಂದೆರಡು ವರ್ಷಕ್ಕೆ ಸೀಳುತ್ತೆ, ಅದು ನಾಲ್ಕು ಮತ್ತು ಐದನೇ ಸಾಲಿನ ನಡುವೆ, ಆಟದ ನಡುಮಧ್ಯ. ಕಂಪ್ಯೂಟರಿನ ಮೌಸ್‌ಪ್ಯಾಡಿನಂಥ ರಬ್ಬರ್ ಹಾಸು ಚಪ್ಪಟೆ ಕೂರುತ್ತೆ, ಆದರೆ ಮೇಲಿನ ಬಟ್ಟೆ ನೀರು ಹೀರುತ್ತೆ, ಮಳೆಗಾಲಕ್ಕೆ ಬೂಷ್ಟು. ವಿನೈಲ್ ಆದರೆ ಸೋಪಿನ ನೀರಲ್ಲಿ ಒರೆಸಿದರೆ ಮುಗೀತು.

ಒಂದು ಎಚ್ಚರಿಕೆ. ಬೇಸಿಗೆ ರಜೆಯಲ್ಲಿ ಕಾಯಿಗಳನ್ನ ವಿನೈಲ್ ಹಾಸಿನೊಳಗೇ ಸುತ್ತಿ ಇಡಬೇಡಿ. ವಿನೈಲ್ ಮೆತ್ತಗಿರೋಕೆ ಬೆರೆಸಿರೋ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಬರುತ್ತೆ, ಅದು ಪಾಲಿಸ್ಟೈರೀನ್ ಕಾಯಿಯನ್ನೂ ಬಣ್ಣ ಬಳಿದ ಮರದ ಕಾಯಿಯನ್ನೂ ಮೆದು ಮಾಡಿ ಹಾಸಿಗೆ ಅಂಟಿಸಿಬಿಡುತ್ತೆ. ಕಾಯಿಗೆ ಬೇರೆ ಚೀಲ, ಹಾಸಿಗೆ ಬೇರೆ ಕೊಳವೆ. ಬೀರುವಿನಲ್ಲಿ ನುಸಿಗುಳಿಗೆಯನ್ನೂ ಹಾಕಬೇಡಿ. ನ್ಯಾಫ್ತಲೀನ್ ಹಬೆಗೆ ಪಾಲಿಸ್ಟೈರೀನ್ ಮೆತ್ತಗಾಗಿ ಮೈಮೇಲೆ ಗುಳಿ ಬೀಳುತ್ತೆ.

ಸಾಗರದ ಉಳಿ:
ಮನೆಗೆ ಬೇಕಾದ ಮರದ ಸೆಟ್ಟಿನ ಬಗ್ಗೆ ಹೇಳ್ತೀನಿ, ಇದು ಸ್ವಲ್ಪ ಉದ್ದ ಆಗುತ್ತೆ.

ಈಗ ಪಂದ್ಯದಲ್ಲಿ ಬಳಸೋ ಆಕಾರಕ್ಕೆ ಸ್ಟಾಂಟನ್ ಮಾದರಿ ಅಂತಾರೆ. 1849ರಲ್ಲಿ ನಥಾನಿಯಲ್ ಕುಕ್ ಹೆಸರಿನಲ್ಲಿ ಇಂಗ್ಲೆಂಡಲ್ಲಿ ನೋಂದಣಿಯಾಗಿ ಜಾಕ್ಸ್ ಕಂಪನಿ ಮಾರುಕಟ್ಟೆಗೆ ತಂದದ್ದು, ಆ ಕಾಲದ ದೊಡ್ಡ ಆಟಗಾರ ಹೊವರ್ಡ್ ಸ್ಟಾಂಟನ್ ಹೆಸರು ನಿಂತಿತು. ಇವತ್ತು ಜಗತ್ತಿನ ಒಳ್ಳೆಯ ಮರದ ಸೆಟ್ಟುಗಳಲ್ಲಿ ದೊಡ್ಡ ಪಾಲು ನಮ್ಮ ಅಮೃತಸರದ ಕುಶಲಿಗಳ ಕೈಕೆಲಸ. 1950ರ ಡುಬ್ರೊವ್ನಿಕ್ ಒಲಿಂಪಿಯಾಡಿಗೆ ಮಾಡಿಸಿದ ಮಾದರಿಯ ಪ್ರತಿಕೃತಿಯೂ ಅಲ್ಲಿಂದಲೇ ಬರುತ್ತೆ, ಅದರಲ್ಲಿ ರಾಜನ ತಲೆಯ ಮೇಲೆ ಶಿಲುಬೆ ಇಲ್ಲ, ಹಾಗಾಗಿ ಮುರಿಯೋ ಭಾಗ ಒಂದು ಕಡಿಮೆ.

ಮರದ ಲೆಕ್ಕ: ಬಿಳಿ ಕಾಯಿ ಸಾಮಾನ್ಯವಾಗಿ ಬಾಕ್ಸ್‌ವುಡ್. ಕಪ್ಪು ಬದಿಗೆ ನಾಲ್ಕು ಬಗೆ. ಬಾಕ್ಸ್‌ವುಡ್ಡಿಗೇ ಕಪ್ಪು ಬಣ್ಣ ಹಾಕಿದ್ದು, ಶೀಶಮ್, ಕೆಂಪು ಪಡೌಕ್, ಕರಿಮರ ಅಂದರೆ ಎಬೊನಿ. ಮಲೆನಾಡಿಗೆ ನನ್ನ ಆಯ್ಕೆ ಶೀಶಮ್. ಎಬೊನಿ ನೋಡೋಕೆ ಚಂದ, ತೂಕವೂ ಇದೆ, ಆದರೆ ಹವೆ ಬದಲಾದರೆ ಸೀಳೋದರಲ್ಲಿ ಅದಕ್ಕೆ ಸಮ ಇಲ್ಲ. ಕಾರಣ ಕೇಳಿ: ಬುಡ ಕೊರೆದು ಸೀಸದ ಅಥವಾ ಕಬ್ಬಿಣದ ಗುಂಡು ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಮರ ತೇವ ಕುಡಿದು ಹಿಗ್ಗುತ್ತೆ, ಮಾಘ–ಫಾಲ್ಗುಣಕ್ಕೆ ಒಣಗಿ ಕುಗ್ಗುತ್ತೆ. ಮರ ಕುಗ್ಗಿದರೂ ಒಳಗಿನ ಲೋಹ ಕುಗ್ಗಲ್ಲ. ಎಳೆಯ ಉದ್ದಕ್ಕೆ ಬುಡ ಬಾಯಿಬಿಡುತ್ತೆ. ಗುಂಡು ದೊಡ್ಡದಿದ್ದಷ್ಟೂ ಅದರ ಸುತ್ತ ಉಳಿಯೋ ಮರ ತೆಳು, ಸೀಳೋದು ಬೇಗ. ಅದಕ್ಕೇ "ಮೂರು ಪಟ್ಟು ತೂಕ" ಅಂತ ಹೊಗಳಿ ಮಾರೋ ಮರದ ಸೆಟ್ಟು ನಮ್ಮ ಹವೆಗೆ ಸಲ್ಲ. ಮಧ್ಯಮ ತೂಕ ಸಾಕು.

ಬಣ್ಣ ಹಾಕಿದ ಕಪ್ಪನ್ನ ಎಬೊನಿ ಅಂತ ಮಾರೋರಿದ್ದಾರೆ. ಬುಡದ ಫೆಲ್ಟಿನ ಅಂಚು ಸ್ವಲ್ಪ ಎತ್ತಿ ನೋಡಿ, ಕೊರೆದ ಜಾಗದಲ್ಲಿ ಬಿಳಿ ಮರ ಕಂಡರೆ ಬಣ್ಣ. ಒದ್ದೆ ಬಿಳಿ ಬಟ್ಟೆಯಲ್ಲಿ ಕುದುರೆಯ ಕುತ್ತಿಗೆಯ ಸಂದು ಗಟ್ಟಿಯಾಗಿ ಒರೆಸಿ, ಕಪ್ಪು ಹತ್ತಿದರೆ ಮಳೆಗಾಲದ ಬೆವರು ಕೈಗೂ ಹತ್ತುತ್ತೆ. ಬಣ್ಣದ್ದು ಅಂತ ಹೇಳಿಯೇ ಮಾರಿದರೆ ತಗೊಳ್ಳೋದರಲ್ಲಿ ತಪ್ಪಿಲ್ಲ, ಬಾಕ್ಸ್‌ವುಡ್ ಎಬೊನಿಗಿಂತ ಕಡಿಮೆ ಸೀಳುತ್ತೆ.

ಶೀಶಮ್‌ನಲ್ಲಿ ಚೇಗಿನ ಹೊರಗಿನ ಬಿಳಿ ಭಾಗ ಸೇರಿರೋ ಕಾಯಿ ಬೇಡ. ಕುಟ್ಟೆ ಹುಳ ಮೊದಲು ಹೊಕ್ಕೋದು ಅಲ್ಲಿಗೆ. ಪೆಟ್ಟಿಗೆ ತೆರೆದಾಗ ಗೋದಿಹಿಟ್ಟಿನಂಥ ಪುಡಿ, ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ಆ ಕಾಯಿಯನ್ನ ಆವತ್ತೇ ಬೇರೆ ಮಾಡಿ.

ಬೆಲೆ ಕುದುರೆಯಲ್ಲಿ ಅಡಗಿರುತ್ತೆ. ಉಳಿದದ್ದೆಲ್ಲ ಲೇತಿನಲ್ಲಿ ಕಡೆದದ್ದು, ಕುದುರೆ ಮಾತ್ರ ಕೈಯಲ್ಲಿ ಕೆತ್ತೋದು. ನಾಲ್ಕು ಕುದುರೆಯನ್ನ ಸಾಲಾಗಿ ನಿಲ್ಲಿಸಿ ಪಕ್ಕದಿಂದ ನೋಡಿ, ಮುಖದ ಕೋನ, ಕೇಸರದ ಗೆರೆ ಒಂದೇ ಥರ ಇದ್ದರೆ ಕೆತ್ತಿದವರು ಪಳಗಿದವರು. ಆಮೇಲೆ 16 ಕಾಲಾಳನ್ನ ಗಾಜಿನ ಮೇಲೆ ನಿಲ್ಲಿಸಿ, ಎತ್ತರ ಒಂದೇ ಇರಬೇಕು, ಬುಡ ಅಲುಗಬಾರದು.

ಮೇಗರವಳ್ಳಿ ಮೇಷ್ಟ್ರು:
ಬಹಳ ಉಪಯುಕ್ತ. ಹಾಗಾದರೆ ಮರದ ಬೋರ್ಡನ್ನ ಇಲ್ಲೇ ಬಡಗಿಯವರ ಹತ್ತಿರ ಮಾಡಿಸಬಹುದಾ? ಬೀಟೆ, ಹಲಸಿನ ತುಂಡು ಹಳೇ ಮನೆಯದ್ದು ಸಿಗುತ್ತೆ ಅಂತಾರೆ.

ಸಾಗರದ ಉಳಿ:
ಮಾಡಿಸಬಹುದು, ಆದರೆ ಇಡೀ ಮರದ ಹಲಗೆ ಅಂದ್ಕೊಂಡಿದ್ದರೆ ಈ ಲೆಕ್ಕ ನೋಡಿ. ಬೇಸಿಗೆಯಲ್ಲಿ ಮರದೊಳಗಿನ ತೇವ ಶೇ. 10ರ ಹತ್ತಿರ, ಜಡಿಮಳೆಯಲ್ಲಿ 18ರ ಹತ್ತಿರ ಹೋಗುತ್ತೆ. ಅಲುಗಾಟ ಕಡಿಮೆ ಅಂತ ಹೆಸರಾದ ಸಾಗುವಾನಿಯೇ ಎಳೆಗೆ ಅಡ್ಡಲಾಗಿ 44 ಸೆಂ.ಮೀ.ಗೆ 6–7 ಮಿ.ಮೀ. ಹಿಗ್ಗುತ್ತೆ. ಸುತ್ತ ಪಟ್ಟಿಯನ್ನ ಅಂಟು ಹಾಕಿ ಬಿಗಿದಿದ್ದರೆ ಒಂದೋ ಪಟ್ಟಿಯ ಮೂಲೆ ತೆರೆಯುತ್ತೆ, ಇಲ್ಲವೇ ಬೋರ್ಡು ಬಿಲ್ಲಿನ ಹಾಗೆ ಬಾಗುತ್ತೆ. ಪಾಲಿಶ್ ಇದನ್ನ ನಿಧಾನ ಮಾಡುತ್ತೆ ಅಷ್ಟೇ, ನಿಲ್ಲಿಸಲ್ಲ.

ಇಡೀ ಮರವೇ ಬೇಕಾದರೆ 5 ಬಿಳಿ, 4 ಕಪ್ಪು ಪಟ್ಟಿ, ಒಂದೊಂದೂ 55 ಮಿ.ಮೀ. ಅಗಲ, ಒಂದು ಬಿಟ್ಟು ಒಂದು ಅಂಟಿಸಿ. ಆರಿದ ಮೇಲೆ ಅಡ್ಡಕ್ಕೆ 55 ಮಿ.ಮೀ.ನ 8 ಪಟ್ಟಿ ಕೊಯ್ಯಿ. ಒಂದು ಬಿಟ್ಟು ಒಂದು ಪಟ್ಟಿಯನ್ನ ಒಂದು ಮನೆಯಷ್ಟು ಸರಿಸಿ ಮತ್ತೆ ಅಂಟಿಸಿದರೆ ಮನೆಗಳು ತಾವಾಗಿ ಹೊಂದುತ್ತವೆ, ಎರಡೂ ಬದಿ ಹೆಚ್ಚಾದ ಒಂದೊಂದು ಮನೆ ಕತ್ತರಿಸಿ ತೆಗೆಯಿರಿ. ಗರಗಸದ ಹಲ್ಲು ತಿನ್ನೋ 2–3 ಮಿ.ಮೀ.ಯನ್ನ ಉದ್ದದಲ್ಲಿ ಮೊದಲೇ ಸೇರಿಸಿಕೊಳ್ಳಿ. ನೀರು ತಡೆಯೋ ಮರದ ಅಂಟು ಬಳಸಿ. ಚೌಕಟ್ಟಿಗೆ ಗಾಡಿ, ಅಂದರೆ ಉದ್ದದ ತೋಡು, ಹೊಡೆದು ಹಲಗೆಯನ್ನ ಅದರೊಳಗೆ ಸಡಿಲವಾಗಿ ಕೂರಿಸಿ, ಬೇಸಿಗೆಯಲ್ಲಿ ಮಾಡಿದರೆ ಎಳೆಗೆ ಅಡ್ಡಲಾದ ಎರಡೂ ಬದಿಗೆ 4 ಮಿ.ಮೀ. ಜಾಗ ಬಿಡಿ. ಅಂಟು ನಡುವಿನಲ್ಲಿ ಮಾತ್ರ, ಮೂಲೆಗೆ ಬೇಡ.

ಇದಕ್ಕಿಂತ ನಂಬಿಕೆಯದ್ದು ಪ್ಲೈವುಡ್ ಮೇಲೆ ತೆಳು ಮರದ ಹಾಳೆ. 18 ಮಿ.ಮೀ. ಪ್ಲೈವುಡ್, ನೀರು ತಡೆಯೋ ಮರೀನ್ ಪ್ಲೈವುಡ್ಡಿನ ಐಎಸ್ 710 ಮುದ್ರೆ ಇರೋದು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಅಂಚಿನಿಂದ ನೀರು ಕುಡಿದು ಊದಿದರೆ ಮತ್ತೆ ಇಳಿಯಲ್ಲ. ಹಾಳೆಯನ್ನ ಮೇಲೆ ಮಾತ್ರ ಅಂಟಿಸಿ ಬಿಡೋದು ದೊಡ್ಡ ತಪ್ಪು. ಅಡಿಗೂ ಅಷ್ಟೇ ದಪ್ಪದ ಹಾಳೆ ಅಂಟಿಸಬೇಕು, ಇಲ್ಲದಿದ್ದರೆ ಒಂದು ಬದಿ ಮಾತ್ರ ಎಳೆದು ಬೋರ್ಡು ತಟ್ಟೆಯಾಗುತ್ತೆ.

ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದ ಹಾಗೆ ಕೆಂಗಂದು ಆಗುತ್ತೆ. ಹಳೇ ಮನೆಯ ಹಲಸಂತೂ ಆಗಲೇ ಕೆಂಪಾಗಿರುತ್ತೆ, ಬೀಟೆಯ ಪಕ್ಕ ಇಟ್ಟರೆ ಬಿಳಿ-ಕಪ್ಪಿನ ಅಂತರವೇ ಉಳಿಯಲ್ಲ. ಬಿಳಿ ಮನೆಗೆ ಕಾಫಿ ತೋಟದ ಸಿಲ್ವರ್ ಓಕ್ ನೋಡಿ, ತೆಳು ಬಣ್ಣ, ಜಾಲರಿಯಂಥ ಎಳೆ, ಬೀಟೆಯ ಜೊತೆ ಚೆನ್ನಾಗಿ ಎದ್ದು ಕಾಣುತ್ತೆ. ಬೀಟೆ ಕಡಿಯೋದಕ್ಕೂ ಸಾಗಿಸೋದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ತುಂಡು ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದ ಇಲ್ಲದಿದ್ದರೆ ಕೈ ಹಾಕಬೇಡಿ.

ತುಂಗಾ ದಂಡೆ:
ಚನ್ನಪಟ್ಟಣದ ಅರಗಿನ ಚೆಸ್ ಸೆಟ್ ಹೇಗೆ? ಬಣ್ಣ ಬಹಳ ಚಂದ ಇರುತ್ತೆ. ಮತ್ತೆ ಅಯಸ್ಕಾಂತದ ಸೆಟ್ಟು?

ಕೊಪ್ಪ ಸೀಮೆಯವಳು:
ಚನ್ನಪಟ್ಟಣದ್ದು ಹಾಲೆ ಮರದಲ್ಲಿ ಕಡೆದು ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ ಹಚ್ಚಿದ್ದು. ನುಣುಪು, ಚೂಪು ಅಂಚಿಲ್ಲ, ಸಣ್ಣ ಮಕ್ಕಳಿಗೆ ಕಾಯಿಗಳ ಪರಿಚಯಕ್ಕೆ ಒಳ್ಳೇದು. ಪೂರ್ತಿ ಲೇತಿನಲ್ಲೇ ಕಡೆದ ಸೆಟ್ಟಿನಲ್ಲಿ ಕುದುರೆ, ಒಂಟೆ ಎರಡೂ ದುಂಡು ಆಕಾರ, ದೂರದಿಂದ ಗುರುತು ಹತ್ತಲ್ಲ. ಹಾಗಾಗಿ ಪಂದ್ಯದ ಅಭ್ಯಾಸಕ್ಕೆ ಬೇಡ. ಅರಗಿಗೆ ಥಂಡಿ ತಾಗಿದರೆ ಮೈ ಬೆಳ್ಳಗೆ ಮಸುಕಾಗುತ್ತೆ, ಒಣ ಬಟ್ಟೆಯಲ್ಲಿ ಉಜ್ಜಿ ಬೆಚ್ಚಗಿನ ಜಾಗದಲ್ಲಿಟ್ಟರೆ ಬಹುಪಾಲು ಹೋಗುತ್ತೆ. ಸ್ಪಿರಿಟ್, ಸ್ಯಾನಿಟೈಸರ್ ತಾಗಿಸಬಾರದು, ಅರಗು ಕರಗಿ ಬೆರಳಿಗೇ ಬರುತ್ತೆ.

ಅಯಸ್ಕಾಂತದ್ದು ಪ್ರಯಾಣಕ್ಕೆ. ಆಗುಂಬೆ ಘಾಟಿಯ ತಿರುವಲ್ಲೂ ಕಾಯಿ ಜಾರಲ್ಲ. 10 ಇಂಚಿನ ಬೋರ್ಡಿನಲ್ಲಿ ಮನೆ ಮೂರು ಸೆಂ.ಮೀ. ಕೂಡ ಇರಲ್ಲ, ದಿನಾ ಅದರಲ್ಲೇ ಆಡಿದ ಮಕ್ಕಳಿಗೆ ದೊಡ್ಡ ಬೋರ್ಡು ಹೊಸದಾಗಿ ಕಾಣುತ್ತೆ. ಬುಡದ ಅಯಸ್ಕಾಂತ ಅಂಟು ಬಿಟ್ಟು ಕಳಚುತ್ತಲೇ ಇರುತ್ತೆ. ಐದಾರು ವರ್ಷದೊಳಗಿನ ಮಕ್ಕಳಿರೋ ಮನೆಗೆ ಇದು ಖಂಡಿತ ಬೇಡ. ಎರಡು ಅಯಸ್ಕಾಂತ ನುಂಗಿದರೆ ಕರುಳಿನ ಎರಡು ಮಡಿಕೆ ಅವುಗಳ ನಡುವೆ ಸಿಕ್ಕಿ ತೂತಾಗುತ್ತೆ. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಿ.ಎಚ್.ರೋಡ್:
ಶಾಲೆಯಲ್ಲಿ ಕಣ್ಣು ಕಾಣದ ಮಗು ಇದ್ದರೆ? 2018ರ ಜಕಾರ್ತಾ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚೆಸ್ ಚಿನ್ನ ಗೆದ್ದ ಕಿಶನ್ ಗಂಗೊಳ್ಳಿ ನಮ್ಮ ಶಿವಮೊಗ್ಗದವರೇ ಅಲ್ವಾ. ಹತ್ತರಲ್ಲಿ ಒಂದು ಸೆಟ್ಟು ಆ ಥರದ್ದು ಇರಲಿ ಅಂತ ನನ್ನ ಮಾತು.

ಎಚ್ ಎಂಟರ ಆನೆ:
ಒಳ್ಳೇ ಮಾತು. ಆ ಬೋರ್ಡು ಕನಿಷ್ಠ 20 ಸೆಂ.ಮೀ. ಚದರ ಇರಬೇಕು, ಕಪ್ಪು ಮನೆ ಬಿಳಿಗಿಂತ ಸ್ವಲ್ಪ ಎತ್ತರ, ಪ್ರತಿ ಮನೆಯ ನಡುವೆ ತೂತು. ಕಾಯಿಯ ಬುಡದಲ್ಲಿ ಗೂಟ, ಕಪ್ಪು ಕಾಯಿಯ ತಲೆ ಮೇಲೆ ಬೆರಳಿಗೆ ತಾಗೋ ಗುರುತು. ಬೆರಳಾಡಿಸಿದಾಗ ಕಾಯಿ ಕದಲಬಾರದು ಅಂತ ಗೂಟ. ಅದಕ್ಕೇ ತಗೊಳ್ಳುವಾಗ ಬೋರ್ಡು ಅಲುಗಾಡಿಸಿ ನೋಡಿ, ಗೂಟ ಸಡಿಲ ಇದ್ದರೆ ಪ್ರಯೋಜನ ಇಲ್ಲ. ಬೋರ್ಡು ಮರದ್ದಾದರೆ ಮಳೆಗಾಲದಲ್ಲಿ ತೂತು ಬಿಗಿಯಾಗಿ ಗೂಟ ಒಳಗೇ ಮುರಿಯೋ ಭಯ, ಹಾಗಾಗಿ ಪ್ಲಾಸ್ಟಿಕ್ಕಿನದೇ ಇರಲಿ. ಕಾಣುವ ಎದುರಾಳಿ ತನ್ನ ಮಾಮೂಲಿ ಬೋರ್ಡಿನಲ್ಲಿ ಆಡ್ತಾನೆ, ಇಬ್ಬರೂ ನಡೆಯನ್ನ ಬಾಯಲ್ಲಿ ಹೇಳ್ತಾರೆ. ಅಂದರೆ ಆ ಮೇಜಿಗೆ ಎರಡು ಬೋರ್ಡು ಹಿಡಿಸುವಷ್ಟು ಜಾಗ ಬೇಕು.

ತುಂಗಾ ದಂಡೆ:
ಇಡೋ ವಿಚಾರ ಯಾರೂ ಪೂರ್ತಿ ಹೇಳಲಿಲ್ಲ. ಬೀರುವಿಗೆ ಬಲ್ಬು ಹಾಕಿದರೆ ಸಾಕಲ್ಲ?

ಸಾಗರದ ಉಳಿ:
ಹಳೇ 40 ವಾಟ್ ಬಲ್ಬು ಬಿಸಿಯಾಗ್ತಿತ್ತು, ಅದರ ಕಾವಿಗೆ ಒಳಗೆ ಒಣಗುತ್ತಿತ್ತು. ಈಗಿನ ಎಲ್ಇಡಿಗೆ ಆ ಕಾವಿಲ್ಲ. ಹಳೇದೇ ಹಾಕಿದರೂ ಬಟ್ಟೆ, ಕಾಗದದ ಪಕ್ಕ ಬೆಂಕಿಯ ಅಪಾಯ, ಶಾಲೆಯಲ್ಲಂತೂ ಬೇಡ.

ಕಬ್ಬಿಣದ ಬೀರು ಗಾಳಿ ತಡೆಯಲ್ಲ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರೋ ಪ್ಲಾಸ್ಟಿಕ್ ಡಬ್ಬ ತಗೊಂಡು ಅದರೊಳಗೆ ಕಾಯಿಚೀಲ ಇಡಿ, ಡಬ್ಬವನ್ನ ಬೀರುವಿನ ಮೇಲಿನ ತಟ್ಟಿನಲ್ಲಿ ಗೋಡೆಗೆ ತಾಗದ ಹಾಗೆ ಇಡಿ. 30 ಲೀಟರ್ ಡಬ್ಬಕ್ಕೆ ತೇವ ಹೀರೋ ಹರಳು, ಸಿಲಿಕಾ ಜೆಲ್, 200 ಗ್ರಾಂ ಹಾಕಿ. ಬಣ್ಣ ಬದಲಾಗೋದರಲ್ಲಿ ನೀಲಿಯದ್ದು ಬೇಡ, ಅದರಲ್ಲಿ ವಿಷಕಾರಿ ಕೋಬಾಲ್ಟ್ ಇದೆ. ಕೇಸರಿಯದ್ದು ತಗೊಳ್ಳಿ, ತೇವ ಕುಡಿದರೆ ಹಸಿರಾಗುತ್ತೆ. 15 ದಿನಕ್ಕೊಮ್ಮೆ ನೋಡಿ. ಹಸಿರಾಗಿದ್ದರೆ ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ, ಇಲ್ಲವೇ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಬಣ್ಣ ಮರಳುವವರೆಗೆ ಹುರಿಯಿರಿ. ಮಕ್ಕಳ ಕೈ ಬೆವರಿನ ಕಾಯಿಗಳನ್ನ ಹಾಗೇ ಡಬ್ಬಕ್ಕೆ ಸುರಿದರೆ ಜೆಲ್ ವ್ಯರ್ಥ. ಅರ್ಧ ಗಂಟೆ ಮೇಜಿನ ಮೇಲೆ ಬಿಟ್ಟು ಆಮೇಲೆ ತುಂಬಿಸಿ.

ಮರದ ಸೆಟ್ಟಿಗೆ ಬೂಷ್ಟು ಕಂಡರೆ ಮನೆಯ ಹೊರಗೆ ತಂದು ಮೆದು ಬ್ರಷ್ಷಿನಲ್ಲಿ ಉದುರಿಸಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆ. ಬಿಸಿಲಿಗೂ, ಒಲೆಯ ಅಟ್ಟಕ್ಕೂ ಇಡಬೇಡಿ ಮಾರಾಯ್ರೇ. ತೇವ ಕುಡಿದ ಮರವನ್ನ ಒಂದೇ ಸಲ ಒಣಗಿಸಿದರೆ ರಾಜ-ಮಂತ್ರಿಯ ಬುಡ ಸೀಳೋದು ಆವತ್ತೇ. ನೆರಳಲ್ಲಿ ಗಾಳಿಯಾಡಲಿ. ಮಳೆಗಾಲಕ್ಕೆ ಮೊದಲು, ಮೃಗಶಿರಕ್ಕೆ ಮುಂಚೆ, ಜೇನುಮೇಣದ ಪಾಲಿಶ್ ತೆಳ್ಳಗೆ ಹಚ್ಚಿ 15 ನಿಮಿಷ ಬಿಟ್ಟು ಉಜ್ಜಿ. ದಪ್ಪ ಹಚ್ಚಿದರೆ ಅಂಟಂಟಾಗಿ ದೂಳು ಹಿಡಿಯುತ್ತೆ.

ಮೇಗರವಳ್ಳಿ ಮೇಷ್ಟ್ರು:
ಹೀಗೆ ಬರೆದುಕೊಂಡಿದ್ದೇನೆ, ತಪ್ಪಿದ್ದರೆ ಹೇಳಿ. ಶಾಲೆಗೆ ಎಬಿಎಸ್, 34 ಕಾಯಿ, ರಾಜನ ಬುಡ 38–39 ಮಿ.ಮೀ., 50 ಮಿ.ಮೀ. ಮನೆಯ ವಿನೈಲ್ ಹಾಸು. ಒಂಬತ್ತು ಸೆಟ್ ಆಟಕ್ಕೆ, ಒಂದು ಬಿಡಿಭಾಗಕ್ಕೆ, ಹತ್ತನೆಯ ದುಡ್ಡಲ್ಲಿ ಗೂಟದ ಬೋರ್ಡು. ಮನೆಗೆ ಶೀಶಮ್-ಬಾಕ್ಸ್‌ವುಡ್ ಮಧ್ಯಮ ತೂಕ, ಪ್ಲೈವುಡ್ ಬೋರ್ಡು ಎರಡೂ ಬದಿ ಹಾಳೆ.

ಎಚ್ ಎಂಟರ ಆನೆ:
ಒಂದು ಲೆಕ್ಕ ತಪ್ಪಿದೆ ಮೇಷ್ಟ್ರೇ. ಒಂಬತ್ತು, ಒಂದು, ಮೇಲೆ ಗೂಟದ್ದು ಸೇರಿದರೆ ಹನ್ನೊಂದಾಯ್ತು. ದುಡ್ಡು ಹತ್ತಕ್ಕೇ ಇದ್ದರೆ ಆಟಕ್ಕೆ ಎಂಟು ಮಾಡಿ, 16 ಮಕ್ಕಳು ಒಟ್ಟಿಗೆ ಕೂರಬಹುದು. ರಾಜನ ಬುಡ ಅಳೆಯೋಕೆ ಪೇಟೆಗೆ ಹೋಗುವಾಗ ಸ್ಕೇಲ್ ಜೊತೆಗಿರಲಿ, ಡಬ್ಬದ ಮೇಲೆ ಬರೆದಿರೋದು ಎತ್ತರ ಮಾತ್ರ.

ಕೊಪ್ಪ ಸೀಮೆಯವಳು:
ಪ್ರತಿ ಕಾಯಿಚೀಲಕ್ಕೂ ಹಾಸಿನ ಹಿಂಬದಿಗೂ ಅಳಿಸದ ಶಾಯಿಯಲ್ಲಿ ಒಂದೇ ನಂಬರ್ ಬರೆಸಿ. ಆಟ ಮುಗಿದ ಮೇಲೆ ಕಾಯಿಗಳನ್ನ ಹಾಸಿನ ಮೇಲೆ ಮೊದಲಿನ ಹಾಗೆ ಜೋಡಿಸಿ ತೋರಿಸಿದ ಮೇಲೇ ಚೀಲಕ್ಕೆ. ಕಾಲಾಳು ಒಂದು ಕಮ್ಮಿ ಇದ್ದರೆ ಮಕ್ಕಳು ಕೊಠಡಿ ಬಿಡುವ ಮೊದಲೇ ಗೊತ್ತಾಗುತ್ತೆ.